ಹೊಳೆಪ್ಪ ತನ್ನ ವಿಚಾರಣೆಗೆ ತಾನೇ ಹೊರಟದ್ದು

ಸಂಶಿಯ ಹೊಳೆಪ್ಪನಿಗೆ ಮೀಸೆ ದಪ್ಪಗಾದರೂ ಒಂದು ಕೆಲಸ ನೆಟ್ಟಗೆ ಹತ್ತಲಿಲ್ಲ. ಹಾಗಂತ ಅವನು ಮೈಗಳ್ಳನಲ್ಲ, ದಡ್ಡನಂತೂ ಅಲ್ಲವೇ ಅಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಅವನಿಗಿದ್ದ ಚಟ ಒಂದೇ, ಮಂದಿ. ಕಣ್ಣಿಗೆ ಬಿದ್ದ ಮನುಷ್ಯ ಯಾರು, ಎಲ್ಲಿಯವನು, ಯಾಕೆ ಬಂದ, ಮಗಳನ್ನು ಎಲ್ಲಿ ಕೊಟ್ಟಿದ್ದಾನೆ, ಅಳಿಯ ಹೇಗೆ, ಅಳಿಯನ ತಮ್ಮ ಯಾಕೆ ಬೇರೆ ಹೋದ, ಇಷ್ಟೂ ತಿಳಿಯದಿದ್ದರೆ ಅವನಿಗೆ ಉಂಡ ರೊಟ್ಟಿ ಅರಗುತ್ತಿರಲಿಲ್ಲ. ಹುಬ್ಬಳ್ಳಿ ಕಡೆಯಿಂದ ಪ್ಯಾಸೆಂಜರ್ ಗಾಡಿ ಬಂತೆಂದರೆ ಸ್ಟೇಶನ್ನಿಗೆ ಓಡುತ್ತಿದ್ದ. ಬರುವವರು ಅವನ ನೆಂಟರಲ್ಲ. ಆದರೆ ಯಾರದೋ ನೆಂಟರಂತೂ ಹೌದಲ್ಲ!

ಅವ್ವ ರೇವವ್ವ, "ನನ್ನ ಮಗ ಎಲ್ಲಾರ ಕಷ್ಟಾ ಸುಖಾ ಕೇಳ್ತಾನ" ಎಂದು ಹೆಮ್ಮೆಪಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ಹೊತ್ತ ಕಾಕಾ ಈರಪ್ಪ ಮಾತ್ರ ಹಣೆ ಹಣೆ ಬಡಿದುಕೊಳ್ಳುತ್ತಿದ್ದ.

ಕಾಕಾ ಪ್ರಯತ್ನ ಮಾಡಲಿಲ್ಲವೇ? ಮಾಡಿದ. ಮೊದಲು ಟೇಲರನ ಕೈಕೆಳಗೆ ಬಿಟ್ಟ. ಹೊಳೆಪ್ಪ ಟೇಪು ಹಿಡಿದು ಗೌಡರ ಸೊಂಟ ಅಳೆಯುತ್ತ, "ಹ್ವಾದ ವರ್ಷಕ್ಕಿಂತ ಇಳದೀರಲ್ರೀ ಗೌಡ್ರ, ಮನ್ಯಾಗ ಏನರ ತ್ರಾಸ?" ಎಂದು ಕೇಳಿದ. ಗೌಡರಿಗೆ ನಿಜವಾಗಿಯೂ ತ್ರಾಸಿತ್ತು. ಅಲ್ಲೇ ಕೂತು ಸೊಸೆಯ ಕಥೆ ಹೇಳಿ ಕಣ್ಣೊರೆಸಿಕೊಂಡರು. ಆ ದುಃಖದಲ್ಲಿ ತೋಳಿನ ಅಳತೆ ಹೋಗಿ ಕಾಲಿಗೆ ಬಿತ್ತು. ಮುಂದೆ ದವಾಖಾನೆಗೆ ಕಂಪೌಂಡರ್ ಅಂತ ಹಾಕಿದ. ಕೆಮ್ಮು ಅಂತ ಬಂದವರು ಹೊಳೆಪ್ಪನ ಮುಂದೆ ಹೊಲದ ಜಗಳ, ತಮ್ಮನ ಮೋಸ ಎಲ್ಲ ಹೇಳಿಕೊಂಡು, ಎದೆ ಹಗುರಾಯಿತು ಅಂತ ಡಾಕ್ಟರನ್ನು ಕಾಣದೆಯೇ ಮನೆಗೆ ಹೋಗತೊಡಗಿದರು. ಡಾಕ್ಟರಿಗೆ ಈ ಚಿಕಿತ್ಸೆ ಸರಿಬರಲಿಲ್ಲ. ಕೊನೆಗೆ ಹನಮಪ್ಪನ ಹಿಟ್ಟಿನ ಗಿರಣಿ. ಪಕ್ಕದ ಮನೆಯ ರೇಣುಕವ್ವ ಮಗಳ ಮದುವೆಗೆಂದು ಗೋದಿ ತಂದಳು. ಬೀಗರು ಯಾವೂರು, ಏನು ಕಥೆ ಎಂದು ಕೇಳುತ್ತ ಕೇಳುತ್ತ ಹೊಳೆಪ್ಪ ಆ ಗೋದಿಯನ್ನು ಆಗಷ್ಟೇ ಒಣಮೆಣಸಿನಕಾಯಿ ಬೀಸಿದ ಕಲ್ಲಿಗೆ ಸುರಿದ. ಆ ಮದುವೆಯ ಹೋಳಿಗೆ ತಿಂದು ಬೀಗರು ನೀರು ನೀರು ಎಂದು ಕುಣಿದದ್ದನ್ನು ಊರು ಇನ್ನೂ ಮರೆತಿಲ್ಲ.

"ಇನ್ನ ಇವಗ ಯಾವ ಕೆಲಸಾ ಹುಡಕಲೋ ಮಶಾಕಸಾಬ?" ಎಂದು ಕಾಕಾ ಸ್ಟೇಶನ್ ಹಾದಿಯ ಚಾದಂಗಡಿಯಲ್ಲಿ ಕೂತು ಗೋಳಾಡಿದ.

ಮಶಾಕಸಾಬ ಚಾ ಸೋಸುತ್ತ ಹೇಳಿದ: "ಈರಪ್ಪಣ್ಣ, ನಿನ್ನ ಹುಡುಗಗ ಕೇಳೂದೊಂದ ಬರತೈತಿ. ಕೇಳೂದರಾಗ ಏನರ ಕೆಲಸಾ ಐತೇನು ನೋಡು."

ಎಲ್ಲರೂ ನಕ್ಕರು. ಆದರೆ ತಲೆಬಿಸಿಯಲ್ಲಿದ್ದ ಕುಂದಗೋಳದ ಒಬ್ಬ ಸಾಹುಕಾರರು ಅಲ್ಲೇ ಮೂಲೆಯಲ್ಲಿ ಕೂತಿದ್ದರು. ಮಗಳಿಗೆ ನವಲಗುಂದದ ಕಡೆಯ ವರ ಬಂದಿತ್ತು. ಮನೆತನ ಹೇಗೆ, ಹುಡುಗ ಹೇಗೆ ಎಂದು ಆ ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸಿ ಬರುವವರು ಬೇಕಾಗಿತ್ತು. ಸಂಬಂಧಿಕರನ್ನು ಕಳಿಸಿದರೆ ಬೀಗರು ಹೋಳಿಗೆ ತಿನ್ನಿಸಿ ಬಾಯಿ ಕಟ್ಟಿ ಕಳಿಸುತ್ತಾರೆ. ಹೊಳೆಪ್ಪನನ್ನು ಕಳಿಸಿದರು.

ಅವನು ಆ ಊರ ಚಾದಂಗಡಿಯಲ್ಲಿ ಕೂತ, ಕ್ಷೌರದ ಅಂಗಡಿಯಲ್ಲಿ ಕೂತ, ಕೆರೆಯ ಏರಿಯ ಮೇಲೂ ಕೂತ. ಸಾಹುಕಾರರು ವರನ ಮನೆ ನೋಡಲು ಹೋದ ದಿನ ಅಲ್ಲಿಯ ಹಿತ್ತಲಲ್ಲಿ ಕಟ್ಟಿದ್ದ ಬಿಳಿ ಎತ್ತುಗಳೆಲ್ಲ ಪಕ್ಕದ ಊರಿಂದ ಎರವಲು ತಂದವು ಎಂಬುದನ್ನು ಆ ಎತ್ತು ಕಾಯುವವನ ಬಾಯಿಂದಲೇ ಕೇಳಿಕೊಂಡು ಬಂದ. ಸಾಹುಕಾರರು ಕೈಮುಗಿದು, ಧೋತರ ಟವೆಲ್ಲು ಆಯೇರಿ ಮಾಡಿ ಕಳಿಸಿದರು. ಅಲ್ಲಿಂದ ಹೊಳೆಪ್ಪನ ದೆಸೆ ತಿರುಗಿತು ನೋಡಿ. ನಮ್ಮವರು ಕ್ರಿಕೆಟ್ಟಿನ ವಿಶ್ವಕಪ್ಪು ಗೆದ್ದ ವರ್ಷ ಅದು. ಊರೆಲ್ಲ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದರೆ ಹೊಳೆಪ್ಪ ಕಲಘಟಗಿಯಲ್ಲಿ ಯಾರದೋ ಸೋದರತ್ತೆಗೆ ಕಿವಿ ಹಚ್ಚಿ ಕೂತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳುವವನೆಂದು ಸುತ್ತ ಹಳ್ಳಿಗಳಲ್ಲಿ ಹೆಸರಾಯಿತು. ತನ್ನ ಜಾತಕದಲ್ಲಿ ಬರೆದ ಕೆಲಸ ಇದೇ ಎಂದು ಅವನೂ ನಂಬಿದ.

ಕಷ್ಟ ಏನೆಂದರೆ ಈ ಕೆಲಸಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ಕೆಲಸದವನಿಗೆ ಕನ್ಯಾ ಕೊಡುವವರು ಯಾರು?

ಅಣ್ಣಿಗೇರಿಯಲ್ಲಿ ಗೌರಕ್ಕ ಎಂಬ ಹುಡುಗಿಯನ್ನು ನೋಡಲು ಹೋದಾಗ ಅವಳ ಅಪ್ಪ ಉಪ್ಪಿಟ್ಟಿನ ತಾಟು ಮುಂದೆ ಸರಿಸಿ, "ವರ ಏನ ಕೆಲಸಾ ಮಾಡ್ತಾರ್ರಿ?" ಎಂದು ಕೇಳಿದ. ಹೊಳೆಪ್ಪ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಈರಪ್ಪ ರುಮಾಲು ಸರಿಮಾಡಿಕೊಂಡು, "ವಿಚಾರಣಾ ಖಾತೆಯಾಗ ಅದಾನ್ರಿ" ಎಂದುಬಿಟ್ಟ.

"ಅಂದ್ರ ಸರ್ಕಾರದ್ದಾ?"

"ಹಂಗ ತಿಳಕೋರಿ. ಭಾಳ ಹೇಳೂಹಂಗಿಲ್ಲ."

ಬೀಗರ ಮುಖದಲ್ಲಿ ಭಯಭಕ್ತಿ ಎರಡೂ ಮೂಡಿದವು. ಬಾಗಿಲ ಹಿಂದಿನ ಹೆಂಗಸರು ಹಾಲಿನ ಗಡಿಗೆ ಮುಚ್ಚಿಟ್ಟರು. ಹಾಲಿಗೂ ವಿಚಾರಣೆಗೂ ಏನು ಸಂಬಂಧವೋ ಅವರೇ ಬಲ್ಲರು.

ಗೌರಕ್ಕ ಬಂದು ಕೂತಳು. ಹೆಸರೇನವ್ವಾ ಎಂದು ಕಾಕಾ ಕೇಳಿದ, ಹೇಳಿದಳು. ಅಡಿಗೆ ಬರುತ್ತೇನವ್ವಾ ಎಂದು ಕೇಳಿದ, ಬರುತ್ತದೆ ಎಂದಳು. ಅಲ್ಲಿಗೆ ಕನ್ಯಾಪರೀಕ್ಷೆ ಮುಗಿಯಬೇಕಿತ್ತು. ಆಗ ಆ ಹುಡುಗಿ ತಲೆ ಎತ್ತಿ, ನೇರ ಹೊಳೆಪ್ಪನ ಮುಖ ನೋಡಿ, "ನಿಮ್ಮ ಹುಬ್ಬಿನ ಮ್ಯಾಲಿನ ಗಾಯ ಹೆಂಗಾತ್ರಿ?" ಎಂದು ಕೇಳಿದಳು.

ಅವಳ ಅವ್ವ ಒಳಗಿನಿಂದ "ಯವ್ವಾ!" ಎಂದಳು. ಹೊಳೆಪ್ಪನಿಗೆ ಮಾತ್ರ ಎದೆಯಲ್ಲಿ ಏನೋ ಅರಳಿದಂತಾಯಿತು. ಹುಟ್ಟಿದಾಗಿನಿಂದ ಮಂದಿಯನ್ನು ಕೇಳುತ್ತ ಬಂದವನು ಅವನು. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಯಾರದೋ ಗಂಡ ಹೆಂಡತಿ ಜಗಳ ಕೇಳಲು ಪಕ್ಕದ ಗೋಡೆ ಹತ್ತಿ, ಅಲ್ಲಿಂದ ಬಿದ್ದದ್ದನ್ನು ಕೈಯಾಡಿಸಿ ಆಡಿಸಿ ಹೇಳಿದ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಆ ಜಗಳಾ ಕಡೀಕೆ ಏನಾತ್ರಿ?"

"ಅದ ನನಗೂ ಗೊತ್ತಾಗಲಿಲ್ಲ ನೋಡ್ರಿ!"

ಮನೆಗೆ ಬರುವ ಹಾದಿಯಲ್ಲಿ ಹೊಳೆಪ್ಪ, "ಕಾಕಾ, ಮಾಡಿಕೊಂಡ್ರ ಇಕೀನ್ನ" ಎಂದ. ಅವನು ಅಷ್ಟು ಚುಟುಕಾಗಿ ಮಾತಾಡಿದ್ದು ಅದೇ ಮೊದಲು. ಊಟದ ರುಚಿ ಹೋಯಿತು, ನಿದ್ದೆ ಹೋಯಿತು. ಅಣ್ಣಿಗೇರಿಯಿಂದ ಹೂಂ ಅನ್ನುವ ಮಾತು ಬಂದರೆ ಸಾಕೆಂದು ಕಂಡ ಕಂಡ ದೇವರಿಗೆ ಕಾಯಿ ಒಡೆಸಿದ, ಯಮನೂರಿನ ದರ್ಗಾಕ್ಕೂ ಹೋಗಿ ಸಕ್ಕರೆ ಓದಿಸಿದ.

ಇತ್ತ ಗೌರಕ್ಕನ ಅಪ್ಪನಿಗೆ ವಿಚಾರಣಾ ಖಾತೆ ನುಂಗಲೂ ಆಗದ ಉಗುಳಲೂ ಆಗದ ತುತ್ತಾಯಿತು. ಯಾವ ಖಾತೆ, ಎಲ್ಲಿ ಆಫೀಸು? ಹೆಂಡತಿಯ ತಮ್ಮ ಫಕ್ಕೀರಪ್ಪನನ್ನು ಕರೆದು, ಸಂಶಿಗೆ ಹೋಗಿ ನೋಡಿ ಬಾ ಎಂದ. ಕನ್ಯಾ ತೋರಿಸಿದ ದಿನ ಈ ಫಕ್ಕೀರಪ್ಪ ಊರಲ್ಲಿರಲಿಲ್ಲ. ಅವನು ಹೊಳೆಪ್ಪನ ಮುಖ ಕಂಡಿರಲಿಲ್ಲ, ಹೊಳೆಪ್ಪನೂ ಅವನ ಮುಖ ಕಂಡಿರಲಿಲ್ಲ.

ಪ್ಯಾಸೆಂಜರ್ ಬಂತು. ಫಕ್ಕೀರಪ್ಪ ಇಳಿದ. ಎದುರಿಗೆ ಯಾರು? ನಮ್ಮ ಹೊಳೆಪ್ಪನೇ.

"ತಮ್ಮಾ, ಈ ಊರಾಗ ಈರಪ್ಪ ಅನ್ನಾವರ ಅಣ್ಣನ ಮಗ ಹೊಳೆಪ್ಪ ಅಂತ ಅದಾನಂತಲ್ಲ, ಹೆಂಗ ಹುಡುಗ?"

ಅಣ್ಣಿಗೇರಿಯಿಂದ ಬಂದವನೇ ಎಂದು ಹೊಳೆಪ್ಪನಿಗೆ ಹೊಳೆಯಿತು. 'ನಾನ ಹೊಳೆಪ್ಪ' ಎಂಬ ಮಾತು ಹಲ್ಲಿನ ತನಕ ಬಂತು. ಅಷ್ಟರಲ್ಲಿ ಹಾಳು ಚಟ ಅದರ ಕಾಲು ಹಿಡಿದು ಒಳಗೆಳೆಯಿತು. ಊರೂರು ತಿರುಗಿ ಊರವರ ಮಕ್ಕಳ ಬಗ್ಗೆ ಕೇಳಿದ್ದಾನೆ. ಮಂದಿ ಹೊಳೆಪ್ಪನ ಬಗ್ಗೆ ಏನು ಹೇಳುತ್ತಾರೆ? ಇಂಥ ಅವಕಾಶ ಮನುಷ್ಯನಿಗೆ ಜನ್ಮದಲ್ಲಿ ಒಮ್ಮೆ ಸಿಗುತ್ತದೆ. ಒಂದೇ ಒಂದು ಮನೆ ಕೇಳಿಬಿಡೋಣ, ಆಮೇಲೆ ಕೈಮುಗಿದು ನಾನೇ ಎಂದರಾಯಿತು. ಅಣ್ಣಿಗೇರಿಯವರೂ ನಗುತ್ತಾರೆ, ಗೌರಕ್ಕ ಎಲ್ಲರಿಗಿಂತ ಹೆಚ್ಚು ನಗುತ್ತಾಳೆ.

"ನನಗೂ ಅಷ್ಟು ಗೊತ್ತಿಲ್ರಿ ಹಿರಿಯಾರ. ಬಲ್ಲವರ ಕಡೆ ಕರಕೊಂಡು ಹೋಗ್ತೀನಿ ಬರ್ರಿ" ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ಸಂಶಿಯ ಮಂದಿಯಲ್ಲಿ ಒಂದು ಹಳೆಯ ಉಪಕಾರ ಬುದ್ಧಿ ಇತ್ತು. ಹಿರಿಯರು ಗೊತ್ತುಮಾಡಿದ ಕನ್ಯಾ ಹುಡುಗನ ಮನಸ್ಸಿಗೆ ಬಾರದಿದ್ದರೆ, ಒಲ್ಲೆ ಎಂದು ಹಿರಿಯರ ಮುಂದೆ ಬಾಯಿ ಬಿಡುವಂತಿಲ್ಲ. ಅವನು ಗುಟ್ಟಾಗಿ ಓಣಿಯವರಿಗೆ ಸನ್ನೆ ಮಾಡುತ್ತಿದ್ದ. ಹೆಣ್ಣಿನವರು ವಿಚಾರಣೆಗೆ ಬಂದಾಗ ಓಣಿಯವರು ಹುಡುಗನ ಮೇಲೆ ಇಲ್ಲದ್ದೆಲ್ಲ ಹೇರಿ ಹೇಳುತ್ತಿದ್ದರು. ಹೆಣ್ಣಿನವರೇ ಬೇಡವೆಂದು ಹೋಗುತ್ತಿದ್ದರು, ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಇದು ಹೊಳೆಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಮಶಾಕಸಾಬನ ಅಂಗಡಿಗೆ ಬಂದರು. ಫಕ್ಕೀರಪ್ಪ ಕೇಳಿದ. ಮಶಾಕಸಾಬ ತಲೆ ಎತ್ತಿದರೆ ಆಸಾಮಿಯ ಬೆನ್ನ ಹಿಂದೆ ಹೊಳೆಪ್ಪ ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಹೊಡೆದು, ಹೇಳು ಹೇಳು ಎಂದು ಕೈ ಮಾಡುತ್ತಿದ್ದಾನೆ. ಮಶಾಕಸಾಬನ ಮುಖ ಮರುಕದಿಂದ ಮೆತ್ತಗಾಯಿತು. ಅಯ್ಯೋ ಪಾಪ, ಹುಡುಗನಿಗೆ ಮನಸ್ಸಿಲ್ಲ.

"ನಿಮ್ಮ ಹುಡುಗಿ ಇನ್ನೂ ಸಣ್ಣಾಕಿ ಇರಬೇಕಲ್ರಿ?" ಎಂದ.

"ಹೌದ್ರಿ. ಯಾಕ?"

"ಏನಿಲ್ಲ." ಮಶಾಕಸಾಬ ಒಂದು ನಿಟ್ಟುಸಿರು ಬಿಟ್ಟ. "ಹೆಣ್ಣಮಕ್ಕಳ ಕಣ್ಣೀರ ನನಗ ನೋಡಾಕ ಆಗೂದಿಲ್ಲ. ಚಾ ಕುಡೀರಿ."

ಹೊಳೆಪ್ಪನ ಬೆರಳು ತುಟಿಯ ಮೇಲೆಯೇ ಉಳಿಯಿತು. ಇದೇನು ಈ ಮಶಾಕಸಾಬ ಹೀಗಂದ? ಹೀಗೇ ಬಿಟ್ಟರೆ ಆಸಾಮಿ ತಪ್ಪು ತಿಳಿಯುತ್ತಾನೆ. ಇನ್ನೊಂದು ಮನೆಗೆ ಕರೆದುಕೊಂಡು ಹೋಗಿ ಇದನ್ನು ಸರಿಮಾಡಬೇಕು ಎಂದು ಗಿರಣಿಗೆ ನಡೆಸಿದ. ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಹನಮಪ್ಪನಿಗೂ ಅದೇ ಸನ್ನೆ ಕಂಡಿತು. ಮೆಣಸಿನಕಾಯಿಯ ಸಿಟ್ಟನ್ನೆಲ್ಲ ಮರೆತು ಅವನು ಉಪಕಾರಕ್ಕೆ ಟೊಂಕ ಕಟ್ಟಿ ನಿಂತ.

"ಅಂವ ವಿಚಾರಣಾ ಖಾತೆಯಾಗ ಅದಾನಂತ, ಖರೇ ಏನ್ರಿ?" ಎಂದು ಫಕ್ಕೀರಪ್ಪ ಕೇಳಿದ.

"ವಿಚಾರಣಿ ನಡದದ್ದು ಖರೇರಿ" ಎಂದ ಹನಮಪ್ಪ. "ಅಂವ ಮಾಡೂದಲ್ಲ. ಪೊಲೀಸರು ಅವನ ಮ್ಯಾಲೆ ಮಾಡಾಕತ್ತಾರ."

"ಎದಕ್ಕ?"

ಹನಮಪ್ಪ ಇಷ್ಟು ಮುಂದಾಲೋಚನೆ ಮಾಡಿರಲಿಲ್ಲ. ಸುತ್ತ ನೋಡಿದ. "ಬೆಲ್ಟ ಕದ್ದಾನ್ರಿ. ಗಿರಣಿ ಬೆಲ್ಟ. ಸುತ್ತ ಹಳ್ಳ್ಯಾಗ ಒಂದ ಗಿರಣೀದೂ ಬಿಟ್ಟಿಲ್ಲ. ಮ್ಯಾಲೆ ಹುಬ್ಬಳ್ಳ್ಯಾಗ ಒಂದ ಲಗ್ನಾನೂ ಆಗೇತಂತ. ನಾ ಕಂಡಿಲ್ಲ, ಮಂದಿ ಅಂತಾರ."

ಹೊಳೆಪ್ಪ ಬೇಡ, ಬೇಡ ಎಂದು ಎರಡೂ ಕೈ ಜೋರಾಗಿ ಆಡಿಸಿದ. ಹನಮಪ್ಪ ಅದನ್ನು 'ಇನ್ನೂ, ಇನ್ನೂ' ಎಂದು ತಿಳಿದು, "ಎರಡು ಅಂತಾರ್ರಿ" ಎಂದು ಸೇರಿಸಿದ.

ಆಗಲಾದರೂ ಬಾಯಿ ಬಿಟ್ಟಿದ್ದರೆ ಉಳಿಯುತ್ತಿದ್ದ. ಆದರೆ ಹೊಳೆಪ್ಪನ ಲೆಕ್ಕ ಬೇರೆ. ಗಿರಣಿಯವನಿಗೆ ಹಳೆಯ ಹಗೆ. ರೇಣುಕವ್ವ ಹಾಗಲ್ಲ, ಎತ್ತಿ ಆಡಿಸಿದಾಕೆ, ಹೋಳಿಗೆ ಖಾರವಾದರೂ ಒಂದು ಮಾತು ಅನ್ನದಾಕೆ. ಆಕೆ ಹೇಳಿದರೆ ಎಲ್ಲ ತೊಳೆದು ಹೋಗುತ್ತದೆ. ಮೇಲಾಗಿ, ಅಷ್ಟು ಪ್ರೀತಿ ಇರುವಾಕೆ ತನ್ನ ಬಗ್ಗೆ ಏನೆಂದು ಹೊಗಳುತ್ತಾಳೆ ಎಂದು ತಿಳಿಯುವ ಆಸೆ ಆ ಹೊತ್ತಿನಲ್ಲೂ ಬಿಡಲಿಲ್ಲ ನೋಡಿ.

ಪ್ರೀತಿ ಇದ್ದದ್ದಕ್ಕೇ ಕೆಟ್ಟಿತು. ರೇಣುಕವ್ವ ಸನ್ನೆ ಕಂಡದ್ದೇ ತಡ, ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಏನ ಹೇಳ್ಲೋ ಎಪ್ಪಾ! ಹಡದ ತಾಯಿಗೆ ಒಂದು ತುತ್ತ ರೊಟ್ಟಿ ಹಾಕೂದಿಲ್ಲ. ಆ ಮುದುಕಿ ನಮ್ಮ ಮನೀ ಗಂಜಿ ಕುಡದು ಜೀವಾ ಹಿಡದಾಳ. ಬಡೀತಾನ್ರೀ, ಬಡೀತಾನ! ಮೊನ್ನೆ ಬಡದ ಬಡತಕ್ಕ ಇನ್ನೂ ಎದ್ದಿಲ್ಲ."

ನಡುವೆ ಒಂದೇ ಗೋಡೆ. ಆ ಏಳಲಾರದ ಮುದುಕಿ ರೇವವ್ವ ಕೈಯಲ್ಲಿ ಕಸಬರಿಗೆ ಹಿಡಿದು ಓಡಿ ಬಂದಳು.

"ಯಾರ ಬೇ ಅಂದದ್ದು? ಯಾರ ಗಂಜಿ ಯಾರ ಕುಡದಾರ ಬೇ ರೇಣಿ? ನನ್ನ ಮಗಾ ನನ್ನ ಬಡೀತಾನ? ಹಿರಿಯಾರ, ಆಕೀನ್ನ ಏನ ಕೇಳ್ತೀರಿ? ನಿಮ್ಮ ಬೆನ್ನ ಹಿಂದ ನಿಂತಾನಲ್ಲ, ಅವನ್ನ ಕೇಳ್ರಿ!"

ಫಕ್ಕೀರಪ್ಪ ತಿರುಗಿದ. ಹೊಳೆಪ್ಪ ಒಂದು ಬೆರಳು ತುಟಿಯ ಮೇಲಿಟ್ಟುಕೊಂಡೇ ನಿಂತಿದ್ದ.

"ನೀನ ಹೊಳೆಪ್ಪ?"

"ಹೌದ್ರಿ. ಇದೆಲ್ಲಾ ಸುಳ್ಳರಿ. ಅಗದಿ ಸುಳ್ಳು."

"ಹಂಗಂದ್ರ ಇಷ್ಟೊತ್ತು ಕೇಳಿಕೊಂತ ಯಾಕ ನಿಂತಿ?" ಫಕ್ಕೀರಪ್ಪ ಸಿಟ್ಟಿಗೇಳಲಿಲ್ಲ, ಅದೇ ಕೆಟ್ಟದ್ದು. "ಕಳ್ಳ ಅಂದ್ರು, ಸುಮ್ಮನಿದ್ದಿ. ಎರಡು ಲಗ್ನಾ ಅಂದ್ರು, ಸುಮ್ಮನಿದ್ದಿ. ಖರೇ ಇದ್ರ ನಾವು ಕನ್ಯಾ ಕೊಡೂಹಂಗಿಲ್ಲ. ಸುಳ್ಳಿದ್ರ, ನಮ್ಮ ಹುಡುಗಿ ಬ್ಯಾಡಾಗಿ ನೀನ ಹೇಳಿಸೀದಿ. ಎರಡರಾಗ ಯಾವುದಾದ್ರೂ ಆಗಲಿ, ಕೆಲಸಾ ಮುಗೀತು."

ಆಸಾಮಿ ಅಂಗಳ ದಾಟಿ ಹೋಗುವವನು ನಿಂತು ಹೇಳಿದ: "ಗೌರಿ ಹಟಾ ಹಿಡದಾಳ, ಕೊಟ್ರ ಅಲ್ಲೇ ಕೊಡ್ರಿ ಅಂತ. ಯಾವ ಕೆಲಸಾ ಇದ್ರೇನು, ಇರಲಿಕ್ಕಂದ್ರೇನು ಅಂದ್ಲು. ನಾ ಒಂದ ಸಲ ನೋಡಿ ಹೂಂ ಅನ್ನಾಕ ಬಂದಿದ್ನೆಪ್ಪ."

ಮರುದಿನ ಸಂಶಿಯ ಅರ್ಧ ಓಣಿ ಅಣ್ಣಿಗೇರಿಗೆ ಹೊರಟಿತು. ಕಾಕಾ ಈರಪ್ಪ ವಿಚಾರಣಾ ಖಾತೆ ತನ್ನ ಬಾಯಿಯ ಸೃಷ್ಟಿ ಎಂದು ಒಪ್ಪಿಕೊಂಡ. ಮಶಾಕಸಾಬ ಹುಡುಗ ಅಪ್ಪಟ ಬಂಗಾರ ಎಂದ. ಹನಮಪ್ಪ ಬೆಲ್ಟುಗಳೆಲ್ಲ ಇದ್ದಲ್ಲೇ ಇವೆ ಎಂದು ಆಣೆ ಹಾಕಿದ. ರೇಣುಕವ್ವ ಈ ಸಲ ನಿಜವಾಗಿಯೇ ಅತ್ತಳು. ಗೌರಕ್ಕನ ಅಪ್ಪ ಎಲ್ಲರಿಗೂ ಚಾ ಕೊಟ್ಟು, "ನಿನ್ನೆ ಅಷ್ಟು ಛಂದ ಸುಳ್ಳ ಹೇಳಿದ ಮಂದಿ ಇವತ್ತ ಖರೇ ಹೇಳ್ತೀರಿ ಅಂತ ನಾ ಹೆಂಗ ನಂಬಲ್ರಿ?" ಎಂದು ಕೇಳಿದ. ಸಂಶಿಯವರು ಚಾ ಕುಡಿದು ಎದ್ದು ಬಂದರು.

ಹೊಳೆಪ್ಪ ಸೊರಗಿದ. ಬೇರೆಯವರ ಕಥೆ ಕೇಳಿದರೂ ನಡುವೆ ಎಲ್ಲೋ ಕಳೆದುಹೋಗುತ್ತಿದ್ದ. ಸುಗ್ಗಿ ಮುಗಿದ ಮೇಲೆ ಕಲಘಟಗಿ ತಾಲೂಕಿನ ತಂಬೂರಿನಿಂದ ಒಬ್ಬ ಹಿರಿಯರು ಬಂದರು. ಮಗನಿಗೆ ಕನ್ಯಾ ನೋಡಿದ್ದಾರೆ, ಮನೆತನ ವಿಚಾರಿಸಿ ಬರಬೇಕು. ಇದ್ದದ್ದು ಇದ್ದಂಗ ಹೇಳಾವ ನೀನೊಬ್ಬನ ಅಂತ ಕೇಳೇನಿ ಎಂದರು. ಯಾವೂರು ಎಂದು ಕೇಳಿದ. ಅಣ್ಣಿಗೇರಿ, ಹುಡುಗಿಯ ಹೆಸರು ಗೌರಕ್ಕ ಎಂದರು.

ಒಲ್ಲೆ ಎನ್ನಬೇಕಿತ್ತು. ಅನ್ನಲಿಲ್ಲ. ಹೇಗಿದ್ದಾಳೆ ಎಂದು ಒಮ್ಮೆ ನೋಡಬೇಕು ಅನ್ನಿಸಿತು, ಹೊರಟ.

ಅಣ್ಣಿಗೇರಿಯಲ್ಲಿ ಅವನು ಯಾವ ಅಂಗಡಿಯಲ್ಲೂ ಕೂಡಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಬಾವಿಯ ಹಾದಿಯಲ್ಲಿ ನಿಂತ. ಗೌರಕ್ಕ ಕೊಡ ಹೊತ್ತು ಬಂದಳು. ಕಂಡಳು, ಕೊಡವನ್ನು ಕಟ್ಟೆಯ ಮೇಲೆ ಇಳಿಸಿದಳು.

"ಯಾರ ವಿಚಾರಣಿಗೆ ಬಂದೀರಿ?"

"ನಿಮ್ಮದ್ರಿ. ತಂಬೂರನವರು ಕಳಿಸ್ಯಾರ."

"ಏನ ಹೇಳ್ತೀರಿ ಅವರ ಮುಂದ?"

"ಇದ್ದದ್ದು. ಇಂಥಾ ಹುಡುಗಿ ಹುಡಕಿದ್ರೂ ಸಿಗೂದಿಲ್ಲ ಅಂತ."

"ನಿಮ್ಮೂರ ಮಂದಿ ನಿಮ್ಮ ಮ್ಯಾಲೆ ಅಷ್ಟೊಂದು ಸುಳ್ಳ ಹೇಳಿದ್ರು. ನನ್ನ ಮ್ಯಾಲೆ ಒಂದ ಸುಳ್ಳ ಹೇಳಾಕ ನಿಮಗ ಬರೂದಿಲ್ಲೇನ್ರಿ?"

ಹೊಳೆಪ್ಪ ಎದೆ ಸೆಟೆಸಿ ನಿಂತ. ಇಷ್ಟೆಲ್ಲ ಆದ ಮೇಲೆ ಹುಡುಗಿ ತನ್ನ ಪ್ರಾಮಾಣಿಕತನವನ್ನು ಒರೆಗೆ ಹಚ್ಚಿ ನೋಡುತ್ತಿದ್ದಾಳೆ ಎಂದು ತಿಳಿದ. ಈ ಸಲವಾದರೂ ಅವಳ ಮುಂದೆ ಸೋಲಬಾರದು.

"ಈ ಕೆಲಸದಾಗ ಇವತ್ತಿನ ತನಕಾ ನಾ ಒಂದ ಸುಳ್ಳ ಹೇಳಿದಾಂವ ಅಲ್ರಿ" ಎಂದ.

"ಛಲೋ ಆತ ಬಿಡ್ರಿ" ಎಂದಳು ಗೌರಕ್ಕ. ಕೊಡ ತಾನೇ ಎತ್ತಿಕೊಂಡು ಹೋದಳು.

ಅವನು ತಂಬೂರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳ ಒಂದು ಗುಣವನ್ನೂ ಬಿಡಲಿಲ್ಲ. ಹಿರಿಯರು ಅಲ್ಲೇ ಸಕ್ಕರೆ ಹಂಚಿದರು.

ಮದುವೆಯ ದಿನ ಹೊಳೆಪ್ಪ ಮಶಾಕಸಾಬನ ಅಂಗಡಿಯಲ್ಲಿ ಕೂತಿದ್ದ. ಮನಸ್ಸು ತಡೆಯಲಿಲ್ಲ. ಬಾವಿಯ ಹಾದಿಯ ಮಾತನ್ನೆಲ್ಲ ಅವತ್ತು ಮೊದಲ ಸಲ ಬಾಯಿ ಬಿಟ್ಟು ಹೇಳಿದ. "ಆಕಿ ನನ್ನ ಪರೀಕ್ಷಾ ಮಾಡಿದ್ಲು ಕಾಕಾ. ಅದರಾಗರ ನಾ ಪಾಸಾದೆ" ಎಂದ.

ಮಶಾಕಸಾಬ ಚಾದ ಕೆಟಲು ಕೆಳಗಿಟ್ಟ.

"ಲೇ ಹುಚ್ಚಾ, ಪರೀಕ್ಷಾ ಅಲ್ಲಲೇ ಅದು. ಈ ಸಂಬಂಧಾ ಮುರೀ ಅಂದಾಳ ಆಕಿ ನಿನಗ. ಊರ ಮಂದಿನ್ನೆಲ್ಲಾ ಹಗಲೂ ರಾತ್ರಿ ಕೇಳ್ತಿ. ಸುಳ್ಳ ಯಾಕ ಹೇಳಲಿ ಅಂತ ಆಕೀನ್ನ ಒಂದ ಮಾತ ಕೇಳಾಕ ನಿನಗೇನ ಧಾಡಿಯಾಗಿತ್ತು?"

ಹೊಳೆಪ್ಪನ ಕೈಯ ಬಸಿಯಿಂದ ಚಾ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದು ಅವನಿಗೆ ತಿಳಿಯಲಿಲ್ಲ.

"ಅಕ್ಕಿಕಾಳು ಬೀಳೂ ಮುಹೂರ್ತ ಎಷ್ಟೊತ್ತಿಗೈತಿ ಕಾಕಾ?" ಎಂದು ಕೇಳಿದ.

ಮಶಾಕಸಾಬ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದ.

"ಬಿದ್ದಾವಪ್ಪ," ಎಂದ. "ಈಗ ಊಟಕ್ಕ ಕುಂತಿರತಾರ."